ಕಾಜುವಿನ ಬಾಲ

ಮೂವತ್ತೆರಡು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಗೆರ್ಟ್ರೂಡ್ ಬಾಯಿ ಹೇಸುತ್ತಿದ್ದದ್ದು ಹಲ್ಲಿಗೆ ಮಾತ್ರ. ಅಡುಗೆಮನೆಯ ಗೋಡೆಯಲ್ಲಿ ಒಂದು ಲೊಚಗುಟ್ಟಿದರೆ ಸಾಕು, ಪೊರಕೆ ಹಿಡಿದು ಹೊರಡುತ್ತಿದ್ದರು. ಅಂಥವರ ಮಂಗಳೂರು ಫಳ್ನೀರಿನ ಫ್ಲ್ಯಾಟಿಗೆ ತಂಗಿಯ ಮಗಳು ಒಲಿವಿಯಾ ಮಾರ್ಚ್ ತಿಂಗಳ ಕೊನೆಗೆ ಒಂದು ಗಾಜಿನ ಪೆಟ್ಟಿಗೆ ತಂದಿಟ್ಟಳು. ಅವಳಿಗೆ ಕುವೈತಿನಲ್ಲಿ ನರ್ಸ್ ಕೆಲಸ ಸಿಕ್ಕಿತ್ತು.

"ಎರಡು ವರ್ಷ ನೋಡಿಕೊಳ್ಳಿ ಮೌಶಿ. ಇದು ಗೆಕ್ಕೊ. ನಮ್ಮ ಊರಿನದ್ದಲ್ಲ, ಪೆಸಿಫಿಕ್ ಸಮುದ್ರದ ಒಂದು ದ್ವೀಪದ್ದು. ಕಾಗದಪತ್ರ ಎಲ್ಲ ಸರಿ ಉಂಟು."

"ದ್ವೀಪದ್ದಾದ್ರೆ ಎಂತ? ಹಲ್ಲಿ ಹಲ್ಲಿಯೇ ಅಲ್ವಾ?"

ಹುರಿದ ಗೇರುಬೀಜದ ಬಣ್ಣ, ಕಣ್ಣಿನ ಮೇಲೆ ಮುಳ್ಳುಮುಳ್ಳಾದ ರೆಪ್ಪೆ. ಹೆಸರು ಕಾಜು. ಒಲಿವಿಯಾ ಅದನ್ನು ಕೆನ್ನೆಗೆ ತಾಗಿಸಿಕೊಂಡು ಅತ್ತಾಗ ಗೆರ್ಟ್ರೂಡ್ ಬಾಯಿಗೆ ಬೇಡವೆನ್ನಲು ಬಾಯಿ ಬರಲಿಲ್ಲ.

ಇಪ್ಪತ್ತೇಳು ಡಿಗ್ರಿ ದಾಟಿದರೆ ಇದಕ್ಕೆ ಆಗದು ಎಂದು ಅವಳು ಚೀಟಿ ಬರೆದಿಟ್ಟು ಹೋಗಿದ್ದಳು. ಮಂಗಳೂರಿನ ಏಪ್ರಿಲ್‌ನಲ್ಲಿ ಅದೆಲ್ಲಿಯ ಮಾತು! ಒಂದು ಮಧ್ಯಾಹ್ನ ಕಾಜು ಬಾಯಿ ತೆರೆದು ಏದುಸಿರು ಬಿಡುವುದನ್ನು ಕಂಡದ್ದೇ ತಡ, ಗೆರ್ಟ್ರೂಡ್ ಬಾಯಿಯೊಳಗಿನ ನರ್ಸ್ ಎದ್ದು ನಿಂತಳು. ಅತಿಥಿಗಳಿಗೆಂದು ಮೀಸಲಿಟ್ಟಿದ್ದ ಎ.ಸಿ. ಹಲ್ಲಿಗೆ ಹಾಕಿದ್ದಾಯಿತು. ಪೆಟ್ಟಿಗೆಗೆ ಒಂದು ಚಾರ್ಟ್ ತೂಗಿತು: ಉಷ್ಣತೆ, ತೂಕ, ಹಣ್ಣಿನ ಪುಡಿ ಕಲಸಿ ಕೊಟ್ಟದ್ದೆಷ್ಟು, ತಿಂದದ್ದೆಷ್ಟು. ಆಸ್ಪತ್ರೆಯಲ್ಲಿ ಆಯಾ ಆಗಿದ್ದು, ಈಗ ಇವರ ಮನೆಯ ಅಡುಗೆಗೆ ಬರುವ ದೇಯಿ ನಕ್ಕು ನಕ್ಕು ಸುಸ್ತಾದಳು. "ಒಂದು ಡ್ರಿಪ್ ಕೂಡ ಹಾಕಿ ಬಿಡಿ ಸಿಸ್ಟರೇ!"

ಬೆಳಿಗ್ಗೆ ಏಳಕ್ಕೆ ರೋಗಿಯ ಹಾಸಿಗೆ ಬದಲಾಯಿಸಬೇಕು ಎನ್ನುವುದು ಗೆರ್ಟ್ರೂಡ್ ಬಾಯಿಯ ನಿಯಮ. ಕಾಜುವಿಗೂ ಅದೇ. ಅಂಥ ಜೀವಿಯನ್ನು ದಿನಾ ಮುಟ್ಟಬಾರದೆಂದು ಚೀಟಿಯಲ್ಲಿ ಇದ್ದದ್ದು ಅವರಿಗೆ ಹಿಡಿಸಲಿಲ್ಲ. ಮುಟ್ಟದೆ ಎಂಥ ಶುಶ್ರೂಷೆ? ಮೇ ತಿಂಗಳ ಒಂದು ಬೆಳಿಗ್ಗೆ ಕಾಜು ಅಂಗೈಯಿಂದ ಜಿಗಿಯಿತು. ಮಂಚದಿಂದ ಜಾರುವ ಎಷ್ಟೋ ರೋಗಿಗಳನ್ನು ಹಿಡಿದ ಕೈ ತಾನಾಗಿಯೇ ಮುಂದೆ ಹೋಯಿತು. ಕಾಜು ನೆಲಕ್ಕೆ ಬಿತ್ತು. ಬಾಲ ಮಾತ್ರ ಅವರ ಬೆರಳ ನಡುವೆ ಒದ್ದಾಡುತ್ತಿತ್ತು.

"ಅದಕ್ಕೆ ಯಾಕೆ ಇಷ್ಟು ಬೇಜಾರು?" ಎಂದಳು ದೇಯಿ. "ನಮ್ಮ ಗೋಡೆಯ ಪಲ್ಲಿಗೆ ಬಾಲ ಪುನಃ ಬರುದಿಲ್ವಾ? ಇದಕ್ಕೂ ಬರ್ತದೆ."

ಅದು ಸರಿ ಅನ್ನಿಸಿತು. ಬಾಲ ಬರುವವರೆಗೆ ಒಲಿವಿಯಾಗೆ ಹೇಳುವುದೇಕೆ? ಪರದೇಶದಲ್ಲಿ ಹೊಸ ಕೆಲಸ, ಮೊದಲೇ ಅಳುಬುರುಕಿ. ವೀಡಿಯೊ ಕರೆ ಬಂದಾಗ ಗೆರ್ಟ್ರೂಡ್ ಬಾಯಿ ಕಾಜುವಿನ ಮುಖವನ್ನಷ್ಟೇ ತೋರಿಸತೊಡಗಿದರು. ಅದು ನಾಲಗೆಯಿಂದ ತನ್ನ ಕಣ್ಣನ್ನೇ ನೆಕ್ಕಿಕೊಳ್ಳುವುದನ್ನು ನೋಡಿ ಅತ್ತ ಒಲಿವಿಯಾ ನಗುತ್ತಿದ್ದಳು. ಇತ್ತ ಇವರು ಪ್ರತಿ ಶನಿವಾರ ಟೇಪ್ ಹಿಡಿದು ಆ ಮೊಂಡು ತುದಿಯನ್ನು ಅಳೆಯುತ್ತಿದ್ದರು. ಜೂನ್ ಹೋಯಿತು, ಜುಲೈ ಹೋಯಿತು. ಒಂದು ಕೂದಲೆಳೆಯಷ್ಟೂ ಬೆಳೆಯಲಿಲ್ಲ.

ಆಗಸ್ಟಿನಲ್ಲಿ ಕದ್ರಿಯ ಪಶುವೈದ್ಯರಲ್ಲಿಗೆ ಕೊಂಡುಹೋದರು. ಅವರು ನೋಡಿ, "ಆರೋಗ್ಯವಾಗಿ ಉಂಟು. ಆದ್ರೆ ಈ ಜಾತಿಗೆ ಹೋದ ಬಾಲ ಬರುದಿಲ್ಲ ಸಿಸ್ಟರ್. ಅದಿಲ್ಲದೆಯೂ ಆರಾಮಾಗಿ ಬದುಕ್ತದೆ" ಎಂದರು.

ಕಾಜುವಿಗೆ ಆರಾಮ, ಸರಿ. ಗೆರ್ಟ್ರೂಡ್ ಬಾಯಿಯ ಕಥೆ ಬೇರೆ. ನಿನ್ನೆಯವರೆಗೆ ಬಾಲ ಬರಲೆಂದು ಕಾಯುತ್ತಿದ್ದೇನೆ ಎಂದುಕೊಂಡದ್ದು ಇಂದು ಸುಳ್ಳಾಗಿತ್ತು. ವಾರ್ಡಿನಲ್ಲಿ ಅವರು ಕಟುವಾಗಿದ್ದದ್ದು ಒಂದೇ ವಿಷಯಕ್ಕೆ: ತಪ್ಪಾದರೆ ಆ ಪಾಳಿ ಮುಗಿಯುವ ಮೊದಲು ಹೇಳಬೇಕು, ಬರೆಯಬೇಕು. ಮುಚ್ಚಿಟ್ಟ ಹುಡುಗಿಯರನ್ನು ಅವರು ಎಲ್ಲರೆದುರು ನಿಲ್ಲಿಸಿ ನೀರಿಳಿಸುತ್ತಿದ್ದರು. ಈಗ ಪಾಪನಿವೇದನೆಗೆ ಹೋದಾಗಲೂ ಅದು ನಾಲಗೆಯ ತುದಿಯವರೆಗೆ ಬಂದು ಹಿಂದೆ ಹೋಯಿತು. ಪಾದ್ರಿಗಳ ಎದುರು ಹಲ್ಲಿಯ ಬಾಲದ ಮಾತು ಹೇಗೆ ತೆಗೆಯುವುದು? ವರ್ಷ ಅರವತ್ಮೂರಾಯಿತು, ಒಂದು ಚಿಕ್ಕ ಸತ್ಯ ಹೇಳಲು ಇಷ್ಟು ಹೆದರುತ್ತೇನಲ್ಲ ಎಂದು ಅವರಿಗೆ ನಿಜಕ್ಕೂ ನಾಚಿಕೆಯಾಗುತ್ತಿತ್ತು. ಕಾಜುವಿನ ಮೇಲಿನ ಪ್ರೀತಿ ಅಷ್ಟರಲ್ಲಿ ಎಲ್ಲಿಯವರೆಗೆ ಬೆಳೆದಿತ್ತೆಂದರೆ, ಅದನ್ನು ಬೇರೆಯವರ ಮನೆಗೆ ಕಳಿಸಿ ಎಂದು ಒಲಿವಿಯಾ ಹೇಳಿಯಾಳು ಎಂಬ ಭಯವೂ ಸೇರಿಕೊಂಡಿತ್ತು.

ಅಕ್ಟೋಬರಿನ ಒಂದು ಸಂಜೆ ಒಲಿವಿಯಾಳ ಕರೆ ಆಸ್ಪತ್ರೆಯಿಂದಲೇ ಬಂತು. ಕಣ್ಣು ಊದಿತ್ತು. ಕಾಜುವನ್ನು ಕೇಳಲೇ ಇಲ್ಲ.

"ಮೌಶಿ, ಬೆಳಿಗ್ಗೆ ಒಂದು ಪೇಷೆಂಟಿನ ಬಿ.ಪಿ. ಮಾತ್ರೆ ಪಕ್ಕದವರಿಗೆ ಕೊಟ್ಟುಬಿಟ್ಟೆ. ಅವರಿಗೆ ಏನೂ ಆಗಲಿಲ್ಲ, ಈಗ ಕೂಡ ನೋಡಿ ಬಂದೆ. ಯಾರಿಗೂ ಗೊತ್ತಿಲ್ಲ. ಹೇಳಿದ್ರೆ ಕೆಲಸ ಹೋದ್ರೆ? ಹೇಳದೆ ಇದ್ರೆ ಎಂತ ಆಗ್ತದೆ?"

ಈ ಪ್ರಶ್ನೆಗೆ ಗೆರ್ಟ್ರೂಡ್ ಬಾಯಿಯ ಬಳಿ ಮೂವತ್ತೆರಡು ವರ್ಷದ ಸಿದ್ಧ ಉತ್ತರವಿತ್ತು. ಆದರೆ ಅದನ್ನು ಯಾವ ಮುಖದಲ್ಲಿ ಹೇಳುವುದು?

ಫೋನನ್ನು ಹಣ್ಣಿನ ಪುಡಿಯ ಡಬ್ಬಿಗೆ ಒರಗಿಸಿಟ್ಟು ಎದ್ದರು. ಪೆಟ್ಟಿಗೆ ತೆರೆದು ಕಾಜುವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, ಕ್ಯಾಮೆರಾಕ್ಕೆ ಅದರ ಬೆನ್ನು ತಿರುಗಿಸಿ ಹಿಡಿದರು.

"ಮೇ ತಿಂಗಳಲ್ಲಿ ನನ್ನ ಕೈಯಿಂದ ಆದದ್ದು ಮಗಳೇ. ದಿನಾ ಮುಟ್ಟಬೇಡಿ ಅಂತ ನೀನು ಬರೆದಿದ್ದೆ, ನಾನು ಕೇಳಲಿಲ್ಲ. ಬಾಲ ಇನ್ನು ಬರುದಿಲ್ಲ. ಐದು ತಿಂಗಳಿಂದ ನಿನಗೆ ಮುಖ ಮಾತ್ರ ತೋರಿಸಿದ್ದೇನೆ."

ಒಲಿವಿಯಾ ಫೋನನ್ನು ಮುಖದ ಹತ್ತಿರಕ್ಕೆ ತಂದು ನೋಡಿದಳು. ಬೈಯಲಿಲ್ಲ, ಅಳಲೂ ಇಲ್ಲ.

"ನಿಮಗೆ ಹೇಳಲಿಕ್ಕೆ ಆಗಲಿಲ್ವಾ ಮೌಶಿ? ನಿಮಗೆ?"

"ಆಗಲಿಲ್ಲ. ಮೊದಲ ದಿನ ಸುಲಭ ಇತ್ತು. ಆಮೇಲೆ ದಿನ ದಿನ ಕಷ್ಟ ಆಯ್ತು."

ಒಲಿವಿಯಾ ಗೋಡೆಯ ಕಡೆ ತಿರುಗಿ ಗಂಟೆ ನೋಡಿದಳು. "ನನ್ನ ಡ್ಯೂಟಿ ಮುಗಿಯಲಿಕ್ಕೆ ಇನ್ನೂ ಇಪ್ಪತ್ತು ನಿಮಿಷ ಉಂಟು" ಎಂದು ಸಮವಸ್ತ್ರದ ಕಾಲರ್ ಸರಿಮಾಡಿಕೊಂಡಳು. "ಇನ್‌ಚಾರ್ಜ್ ಒಳಗಿದ್ದಾರೆ. ನೀವು ಫೋನ್ ಇಡಬೇಡಿ. ನಾನು ಹೋಗಿ ಹೇಳಿ ಬರ್ತೇನೆ."