ಹೆಣ್ಣಿನ ಮನೆಯಲ್ಲಿ ಪೋಕರ್

ಗೆಳೆಯರೇ, ಪೋಕರ್ ಬಗ್ಗೆ ಬ್ಲಾಗ್ ಬರೆಯುವುದು ಬೇರೆ, ಹೆಣ್ಣು ನೋಡಲು ಹೋದ ಮನೆಯಲ್ಲಿ ಆಡುವುದು ಬೇರೆ. ಇವತ್ತು ತೆರಕಣಾಂಬಿಯಲ್ಲಿ ಉಪ್ಪಿಟ್ಟು ಮುಗಿದ ಮೇಲೆ ಹುಡುಗಿಯ ಅಪ್ಪ, ‘ಅದೇನೋ ಇಸ್ಪೀಟಾಟ ಬತ್ತದಂತಲ್ಲ, ಯೋಳ್ಕೊಡಪ್ಪ’ ಅಂದರು. ಹುಣಸೆಬೀಜ ಪಣವಿಟ್ಟು ಕೂತೆವು. ನನ್ನ ಕೈಯಲ್ಲಿ ಒಂದೇ ಅಂಕಿಯ ಒಂದು ಜೋಡಿ ಎಲೆಯೂ ಇರಲಿಲ್ಲ. ಮುಖದಲ್ಲಿ ಏನೂ ತೋರಿಸದೆ ಬೀಜವನ್ನೆಲ್ಲ ಮುಂದಕ್ಕೆ ತಳ್ಳಿದೆ. ಅವರು ಹೆದರಿ ಆಟ ಬಿಟ್ಟರು. ಎದುರಿನವರು ಬಿಟ್ಟರೆ ಗೆದ್ದವನು ಎಲೆ ತೋರಿಸಬೇಕಿಲ್ಲ ಎಂದೆ.

‘ನಮ್ಮೂರಲ್ಲಿ ಗೆದ್ದೋನು ತೋರುಸ್ಬೇಕು ಕಣಪ್ಪ’ ಎಂದು ಅವರೇ ನನ್ನ ಎಲೆಗಳನ್ನು ಮಗುಚಿ ನೋಡಿದರು.

‘ಏನೂ ಇಲ್ದೆ ಇಷ್ಟು ಗಟ್ಟಿಯಾಗಿ ಕುಂತಿದ್ಯಲ್ಲ! ಆಗ್ಲೇ ಬದನಗುಪ್ಪೆ ಫ್ಯಾಕ್ಟ್ರಿ ಕೆಲ್ಸ ಪರ್ಮೆಂಟು ಅಂದ್ಯಲ್ಲ, ಅದೂ ಇಂಗೇಯಾ?’

ಕೆಲಸ ನಿಜವಾಗಿಯೂ ಪರ್ಮನೆಂಟು. ಆದರೆ ಹಾಗೆಂದು ಹೇಳುವಾಗಲೂ ನನಗಿದ್ದದ್ದು ಅದೇ ಮುಖ.