ಒದ್ದೆ ಗೋಡೆಯ ಮೇಲಿನ ಬಳ್ಳಿ

ಮಳೆಗಾಲದಲ್ಲಿ ಬಹಳ ದಿನ ಮುಚ್ಚಿಟ್ಟ ಕೋಣೆಯ ಬಾಗಿಲು ತೆಗೆದರೆ ಒಂದು ವಾಸನೆ ಬರುತ್ತದಲ್ಲ, ನೀರು ಕುಡಿದ ಸುಣ್ಣದ್ದು, ಅದು ಎಲ್ಲಿ ಮೂಗಿಗೆ ಬಡಿದರೂ ನನಗೆ ಕಾಡುಗೋಡಿಯ ನಮ್ಮ ಹಳೆಯ ಮನೆ ನೆನಪಾಗುತ್ತದೆ. ಈಗ ಆ ಜಾಗದಲ್ಲಿ ಪಿಜಿ ಕಟ್ಟಡ ನಿಂತಿದೆ. ಆಗ ನಮ್ಮ ಹಿತ್ತಲಿನಲ್ಲಿ ಅಪ್ಪ ಬಾಡಿಗೆಗೆಂದು ಕಟ್ಟಿಸಿದ ಶೀಟಿನ ಸಾಲುಮನೆಗಳಿದ್ದವು. ರಾಗಿ ಹೊಲ ಕೈಬಿಟ್ಟ ಮೇಲೆ ನಮ್ಮ ಮನೆ ನಡೆಯುತ್ತಿದ್ದದ್ದು ಅವುಗಳಿಂದಲೇ. ಕೊನೆಯ ಮನೆ ಮಾತ್ರ ಯಾರಿಗೂ ಬೇಡವಾಗಿತ್ತು. ಅದರ ಹಿಂಗೋಡೆ ನಮ್ಮ ಬಚ್ಚಲಿನ ಗೋಡೆಯೇ ಆಗಿದ್ದರಿಂದ ವರ್ಷವಿಡೀ ಜಿನುಗುತ್ತಿತ್ತು. ಅದಕ್ಕೆ ಬಂದವಳು ಯಾದಗಿರಿ ಕಡೆಯ ಶರಣಮ್ಮ. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಮಗಳು ಭಾಗ್ಯ ಇನ್ನೂ ತೊದಲು ಮಾತಿನ ಕೂಸು.

ಬಂದ ವಾರದಲ್ಲೇ ಶರಣಮ್ಮ ನಮ್ಮ ಜಗಲಿಯ ಮುಂದೆ ನಿಂತು, “ಗ್ವಾಡಿ ಭಾಳ ಒದ್ದಿ ಆಗ್ಯಾದ್ರಿ ಮಾಲಕ್ರ,” ಅಂದಳು. ಅಪ್ಪ, “ಮಳೆಗಾಲ ಕಳೀಲಿ ಕಣಮ್ಮ, ಮಾಡ್ಸಾಣ,” ಎಂದರು. ಅಪ್ಪ ಕೆಟ್ಟವರಲ್ಲ. ಮಾಡಿಸಬೇಕೆಂದೇ ಹಾಗೆ ಹೇಳಿದ್ದರು. ಅವಳು ಮಳೆ ನಿಲ್ಲುವವರೆಗೆ ಕಾಯುತ್ತ ಕೂರದೆ ತನಗೆ ತೋಚಿದ್ದನ್ನು ಮಾಡತೊಡಗಿದಳು. ಎರಡು ಮೊಳೆಗಳ ನಡುವೆ ಹಳೆಯ ಇಳಕಲ್ ಸೀರೆಯನ್ನು ಬಿಗಿಯಾಗಿ ಎಳೆದು ಕಟ್ಟಿ ಕಪ್ಪಾಗಿದ್ದ ಗೋಡೆಯನ್ನು ಮರೆಮಾಡಿದಳು. ಬಾಗಿಲಿಗೆ ಎದುರಾಗಿ ಕನ್ನಡಿ ತೂಗುಹಾಕಿದಳು. ಅದರಿಂದ ಬೀದಿಯ ಬೆಳಕು ಒಳಗೆಲ್ಲ ಹರಡಿತು. ತಗ್ಗಾಗಿದ್ದ ಶೀಟಿನ ಅಂಚಿನಿಂದಲೇ ಪರದೆ ಇಳಿಬಿಟ್ಟಾಗ ಮನೆ ಎತ್ತರವಾದಂತೆ ಕಂಡಿತು. ಒಡೆದ ನೆಲದ ಮೇಲೆ ಕೌದಿ ಹಾಸಿದಳು. ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದಿದ್ದ ಬಿರುಕಿಗೆ ಗಂಡ ತಂದ ಮಿಕ್ಕ ಹಸಿರು ಬಣ್ಣ ಬಳಿದು ಅದನ್ನು ಬಳ್ಳಿ ಮಾಡಿದಳು. “ಬಾ ತಂಗಿ, ನೀ ಎಲಿ ಹಚ್ಚು,” ಎಂದು ನನ್ನ ಬೆರಳನ್ನು ಡಬ್ಬಿಯಲ್ಲಿ ಅದ್ದಿಸಿದಳು. ನಾನು ಒತ್ತಿದ ಒಂದೊಂದು ಬೆರಳ ಗುರುತೂ ಒಂದೊಂದು ಎಲೆಯಾಯಿತು. ಭಾಗ್ಯಳ ಪುಟ್ಟ ಹೆಬ್ಬೆಟ್ಟಿನಿಂದ ಮೊಗ್ಗುಗಳಾದವು.

ಶಾಲೆ ಬಿಟ್ಟ ಮೇಲೆ ನಾನು ಮನೆಗೆ ಹೋಗುತ್ತಿರಲಿಲ್ಲ, ಆ ಕೋಣೆಗೇ ಹೋಗುತ್ತಿದ್ದೆ. ಕೌದಿಯ ಮೇಲೆ ಮಲಗಿ, ಜೋಳದ ರೊಟ್ಟಿ ಬಡಿಯುವ ಸದ್ದು ಕೇಳುತ್ತ, ಕನ್ನಡಿಯೊಳಗೆ ಓಡಾಡುವ ಬೀದಿಯನ್ನು ನೋಡುತ್ತಿದ್ದೆ. ಒಂದು ದಿನ ಅಪ್ಪನ ಕೈ ಹಿಡಿದು ಎಳೆದುಕೊಂಡು ಹೋಗಿ ನನ್ನ ಎಲೆಗಳನ್ನು ತೋರಿಸಿದೆ. ಅಪ್ಪ ಸುತ್ತಲೂ ಕಣ್ಣಾಡಿಸಿ ಹಿಗ್ಗಿದರು. “ಅಯ್ಯೋ, ನಮ್ಮನೇಗಿಂತ ಚೆಂದ ಮಡಗಿದ್ದೀಯಲ್ಲಮ್ಮ! ಗ್ವಾಡೆ ಒದ್ದೆಯಾಗೈತೆ ಅಂದೆ, ಎಲ್ಲಿ ಒದ್ದೆಯಾಗೈತೆ?” ಶರಣಮ್ಮ ಸೀರೆಯ ಕಡೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಸುಮ್ಮನೆ ನಕ್ಕಳು. ಮಳೆಗಾಲ ಕಳೆಯಿತು. ರಿಪೇರಿಯ ಮಾತನ್ನು ಅಪ್ಪ ಮತ್ತೆ ಎತ್ತಲೇ ಇಲ್ಲ.

ಭಾಗ್ಯಳಿಗೆ ಕೆಮ್ಮು ಶುರುವಾದದ್ದು ಚಳಿಗಾಲದಲ್ಲಿ. ಮೊದಮೊದಲು ನೆಗಡಿ ಎಂದುಕೊಂಡರು. ಆಮೇಲೆ ಅವಳು ಉಸಿರೆಳೆದಾಗಲೆಲ್ಲ ಎದೆಯೊಳಗೆ ಸೀಟಿ ಊದಿದಂತೆ ಕೇಳತೊಡಗಿತು. ಒಂದು ಬೆಳಿಗ್ಗೆ ಕೂಸಿನ ತುಟಿ ನೀಲಿಗಟ್ಟಿದಾಗ ಅಪ್ಪನೇ ಆಟೋ ಕರೆತಂದು ಆಸ್ಪತ್ರೆಗೆ ಓಡಿದರು. ಕೂಸು ಉಳಿಯಿತು. ಈ ಮಗುವನ್ನು ಒದ್ದೆ ಮನೆಯಲ್ಲಿ ಇಡಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು.

ಗಂಡ ಹೆಂಡತಿ ಸಾಮಾನು ಕಟ್ಟಿದರು. ಕೊನೆಗೆ ಶರಣಮ್ಮ ಸೀರೆಯನ್ನು ಬಿಚ್ಚಿದಳು. ಅದರ ಹಿಂದೆ ಗೋಡೆ ಆಳೆತ್ತರಕ್ಕೆ ಬೂಷ್ಟು ಹಿಡಿದು, ಕೈಯಿಟ್ಟರೆ ಉದುರುವಂತಿತ್ತು. ಬಾಗಿಲಲ್ಲಿ ನಿಂತಿದ್ದ ಅಪ್ಪ ಒಳಗೆ ಬಂದು ಅದನ್ನು ಮುಟ್ಟಿ ನೋಡಿದರು.

“ಇಷ್ಟಾಗೋವರ್ಗೂ ಯಾಕಮ್ಮ ಯೋಳ್ಲಿಲ್ಲ?”

“ಹೇಳಿದ್ನಲ್ರಿ ಮಾಲಕ್ರ,” ಎಂದಳು ಶರಣಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಸೀರೆಯನ್ನು ಒದರಿ, ಮಡಚಿ, ಗಂಟಿನೊಳಗೆ ತುರುಕಿದಳು.

ಮಾರನೆಯ ದಿನವೇ ಅಪ್ಪ ಬಚ್ಚಲಿನ ಪೈಪನ್ನು ಸರಿಮಾಡಿಸಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿದಿತ್ತು. ಅಷ್ಟು ಸಣ್ಣ ಕೆಲಸ. ಅಂದು ಅಪ್ಪ ಊಟಕ್ಕೆ ಏಳಲಿಲ್ಲ. ಶರಣಮ್ಮನ ಗಂಡ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದರೆ ಯಾರೂ ಎತ್ತುತ್ತಿರಲಿಲ್ಲ. ಕೆಲವು ದಿನಗಳಲ್ಲಿ ಆ ನಂಬರೇ ನಿಂತುಹೋಯಿತು.

ನನ್ನ ಬಾಲ್ಯದಲ್ಲಿ ನಾನು ಕಂಡ ಅತಿ ಚೆಂದದ ಕೋಣೆ ಅದು. ಇವತ್ತಿಗೂ ಅದಕ್ಕಾಗಿ ಹಂಬಲಿಸುತ್ತೇನೆ, ಹಂಬಲಿಸಿದ್ದಕ್ಕೆ ನಾಚುತ್ತೇನೆ. ನಾನು ಮಲಗಿ ಕನಸು ಕಾಣುತ್ತಿದ್ದ ಆ ಕೌದಿಯ ಮೇಲೆಯೇ, ನನ್ನ ಪಕ್ಕದಲ್ಲೇ, ಒಂದು ಕೂಸು ಉಸಿರಿಗೆ ಒದ್ದಾಡುತ್ತಿತ್ತು.

ಅಪ್ಪನಿಗೀಗ ವಯಸ್ಸಾಗಿದೆ. ಸಂಜೆ ಮೆಟ್ರೊ ನಿಲ್ದಾಣದ ಕಡೆ ನಡೆಯಲು ಹೋದರೆ, ಕಟ್ಟಡ ಏಳುತ್ತಿರುವ ಕಡೆಯೆಲ್ಲ ಕೂಲಿಯವರ ತಗಡಿನ ಶೆಡ್ಡುಗಳ ಮುಂದೆ ನಿಂತು, ಯಾವ ಊರಿನವರೆಂದು ಕೇಳುತ್ತಾರೆ. ಈಚೆಗೊಮ್ಮೆ ನಾನೂ ಜೊತೆಗಿದ್ದೆ. ಪಾತ್ರೆ ತೊಳೆಯುತ್ತಿದ್ದ ಹೆಂಗಸು ತಲೆಯೆತ್ತಿ, “ಯಾದಗಿರಿ ಕಡಿಯವ್ರು ರೀ ಅಜ್ಜಾರ, ಯಾಕ್ರಿ?” ಅಂದಳು. ಅಪ್ಪ ಅವಳ ಮುಖವನ್ನೇ ದಿಟ್ಟಿಸಿದರು. ಶರಣಮ್ಮನಲ್ಲ.

“ಏನಿಲ್ಲ ಕಣವ್ವ. ಮಳೆ ಬಂದ್ರೆ ಒಳಕ್ಕೆ ನೀರು ಬತ್ತದಾ?”

“ಬರ್ತಾದ್ರಿ,” ಎಂದು ಅವಳು ನಕ್ಕಳು.

ಅಪ್ಪ ತಗಡಿನ ಮೇಲೆ ಅಂಗೈ ಊರಿ, ನೀರು ಇಳಿಯುವ ಸಂದನ್ನು ಹುಡುಕುತ್ತ ಸವರತೊಡಗಿದರು. ಕತ್ತಲಾಗುತ್ತಿತ್ತು. ನಾನು ಫೋನಿನ ಬೆಳಕನ್ನು ತಗಡಿನ ಮೇಲೆ ಹಿಡಿದೆ.