ಸ್ಕೀ ಹಲಗೆಯ ಗೀರು

ಇದನ್ನು ಬರೆಯಬೇಕೆಂದು ಕುಳಿತಾಗಲೆಲ್ಲ ಕನ್ನಡಕ ಒರೆಸಬೇಕು ಅನ್ನಿಸುತ್ತದೆ, ಚಹಾ ಮಾಡಬೇಕು ಅನ್ನಿಸುತ್ತದೆ, ಹಿತ್ತಲಿನ ಹುಲ್ಲು ಬಹಳ ಬೆಳೆದಿದೆ ಅನ್ನಿಸುತ್ತದೆ. ಹೀಗೇ ವರ್ಷಗಳು ಹೋದವು. ಮೆಟ್ರಿಕ್‌ವರೆಗೆ ಓದಿದವನಿಗೆ ಬರೆಯಲು ಅಳುಕು ಸಹಜ ಎಂದು ನನಗೆ ನಾನೇ ರಿಯಾಯಿತಿ ಕೊಟ್ಟುಕೊಳ್ಳುತ್ತಿದ್ದೆ. ಅದು ಸುಳ್ಳು. ಈ ಕಥೆಯ ಜಂಬದ ಭಾಗ ಬರೆಯಲು ನನಗೆ ಯಾವ ಅಳುಕೂ ಇಲ್ಲ. ಅಲ್ಲಿಂದಲೇ ಶುರು ಮಾಡುತ್ತೇನೆ.

ತೊಂಬತ್ತರ ದಶಕದ ಕೊನೆಯಿಂದ ಸುಮಾರು ಹತ್ತು ಚಳಿಗಾಲ, ಇಲ್ಲಿ ವಿಲಾಯತಿಯಲ್ಲಿ, ಕೆಂಟನ್ನಿನ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನಾನು ಸ್ಕೀ ಹಲಗೆಗಳ ಗೀರು ಮುಚ್ಚಿದ್ದೇನೆ. ಧಾರವಾಡದವನಿಗೂ ಹಿಮದ ಮೇಲೆ ಜಾರುವ ಹಲಗೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವೇನೂ ಇಲ್ಲ. ನಾನು ಒಮ್ಮೆಯೂ ಅದರ ಮೇಲೆ ನಿಂತವನಲ್ಲ. ಬೀದಿಯಲ್ಲಿ ಎರಡು ಬೆರಳು ಹಿಮ ಬಿದ್ದರೆ ಹೆಂಡತಿಯ ತೋಳು ಹಿಡಿದು ಹಾಲು ತರಲು ಹೋಗುವವನು. ಆದರೆ ಹಲಗೆಯನ್ನು ಬೋರಲು ಹಾಕಿ ತಳದ ಮೇಲೆ ಹೆಬ್ಬೆರಳು ಆಡಿಸಿದರೆ ಎಲ್ಲಿ ಕಲ್ಲು ತಾಗಿದೆ, ಎಷ್ಟು ಆಳಕ್ಕೆ ಹೋಗಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಸ್ಕೀಯ ತಳ ಪ್ಲಾಸ್ಟಿಕ್ಕಿನದು. ಪಾರ್ಕ್ ರಾಯಲ್‌ನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಡಬ್ಬಿಯ ಮುಚ್ಚಳ ಅಚ್ಚು ಹಾಕಿದವನಿಗೆ ಪ್ಲಾಸ್ಟಿಕ್ಕಿನ ಸ್ವಭಾವ ಗೊತ್ತು. ಅದಕ್ಕೆ ಅವಸರ ಮಾಡಿದರೆ ಸಿಟ್ಟು ಬರುತ್ತದೆ.

ಮೊದಲ ಹಲಗೆಗಳು ಬಂದದ್ದು ಮಗಳು ರೇಖಾಳಿಂದ. ಅವಳು ಆಗಷ್ಟೇ ಶಾಲೆಯೊಂದರಲ್ಲಿ ಟೀಚರ್ ಆಗಿದ್ದಳು. ಚಳಿಗಾಲದಲ್ಲಿ ಮಕ್ಕಳನ್ನು ಹಿಮದ ಗುಡ್ಡಕ್ಕೆ ಕರೆದೊಯ್ಯಬೇಕಿತ್ತು. ಅಭ್ಯಾಸ ಮಾಡಿಕೋ ಎಂದು ಜಾನೆಟ್ ಎಂಬ ಹಿರಿಯ ಟೀಚರ್ ತಮ್ಮ ಹಳದಿ ಸ್ಕೀಗಳನ್ನು ಕೊಟ್ಟಿದ್ದರು. ಅವು ಮನೆಗೆ ಬಂದ ವಾರವೇ ಖಂಡೆ ಪೂಜೆ. ನಮ್ಮ ಕಡೆ ಮಹಾನವಮಿಗೆ ಆಯುಧ, ವಾಹನಗಳನ್ನೆಲ್ಲ ಪೂಜಿಸುವುದು ನಿಮಗೆ ಗೊತ್ತೇ ಇದೆ. ಮನೆಯ ಮುಂದಿನ ಕಾಂಕ್ರೀಟಿನ ಮೇಲೆ ಕಾರು, ಅದರ ಪಕ್ಕದಲ್ಲಿ ನನ್ನ ಸುತ್ತಿಗೆ, ಅರ, ಹೊಲಿಗೆ ಮಷಿನ್ನು, ಇಸ್ತ್ರಿ ಪೆಟ್ಟಿಗೆ. ನನ್ನ ಹೆಂಡತಿ ಸ್ಕೀಗಳನ್ನೂ ತಂದಿಟ್ಟು ಅರಿಶಿನ ಕುಂಕುಮ ಹಚ್ಚಿದಳು.

"ಬ್ಯಾರೆಯವರ ಸಾಮಾನಕ್ಕ ಯಾಕ ಬೊಟ್ಟು ಹಚ್ಚತೀ?" ಅಂದೆ.

"ಹುಡುಗಿ ಇದರ ಮ್ಯಾಲೆ ನಿಂತು ಗುಡ್ಡ ಇಳಿಯಾಕಿ. ಇದೂ ವಾಹನನ ಅಲ್ಲೇನ್ರಿ?" ಅಂದಳು.

ಪೂಜೆ ಮುಗಿದು ಎಲ್ಲರೂ ಪ್ರಸಾದಕ್ಕೆ ಒಳಗೆ ಹೋದರು. ಚಕ್ರದಡಿಯ ನಿಂಬೆಹಣ್ಣಿನ ಮೇಲೆ ಕಾರು ಹಾಯಿಸುವುದು ನನ್ನ ಕೆಲಸ. ಹಾಯಿಸಿದೆ. ಸ್ಟಿಯರಿಂಗ್ ಸ್ವಲ್ಪ ಹೆಚ್ಚು ತಿರುಗಿತು. ಮುಂದಿನ ಟೈರು ಒಂದು ಸ್ಕೀಯ ಹಿಂದಿನ ತುದಿಯನ್ನು ಕಚ್ಚಿ ಕಾಂಕ್ರೀಟಿನ ಮೇಲೆ ಗೇಣುದ್ದ ಎಳೆದುಬಿಟ್ಟಿತು. ಇಳಿದು ನೋಡಿದೆ. ತಳದಲ್ಲಿ ಬೆರಳಗಲದ ಗೀರು. ಯಾರೂ ನೋಡಿರಲಿಲ್ಲ. ಹಲಗೆಯನ್ನು ಮೊದಲಿನ ಜಾಗದಲ್ಲೇ ಇಟ್ಟು, ಒಳಗೆ ಹೋಗಿ ಹೋಳಿಗೆ ಉಂಡೆ.

ಸಂಜೆ ಹೆಂಡತಿಯ ತಮ್ಮ ಸಾಮಾನನ್ನೆಲ್ಲ ಒಳಗೆ ತಂದಿಟ್ಟ. ಗ್ರೀನ್‌ಫರ್ಡಿನ ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದ ಅವನು ಹಬ್ಬಕ್ಕೆಲ್ಲ ನಮ್ಮಲ್ಲಿಗೇ ಬರುವವನು. ರೇಖಾ ಕುಂಕುಮ ಒರೆಸಲು ಹೋಗಿ ಹಲಗೆ ಮಗುಚಿದಳು.

"ಅಪ್ಪಾ, ಹೂ ಡಿಡ್ ದಿಸ್? ನಾನು ಜಾನೆಟ್‌ಗೆ ಏನು ಹೇಳಲಿ?" ಅವಳ ಕಣ್ಣಲ್ಲಿ ನೀರು. ಕೆಲಸಕ್ಕೆ ಸೇರಿ ಒಂದು ತಿಂಗಳಷ್ಟೇ ಆಗಿತ್ತು.

ನನ್ನ ಬಾಯಿಂದ ತಾನಾಗಿ ಬಂತು: "ಒಳಗ ತಂದಾಂವ ನಿಮ್ಮ ಮಾಮಾ. ಎಳಕೊಂಡ ಬಂದಿರಬೇಕು."

"ಇಲ್ರಿ ಭಾವಾ, ಎತ್ಕೊಂಡ ಬಂದೀನಿ," ಅಂದ ಅವನು.

"ಒಂದು ಸಾಮಾನ ನೆಟ್ಟಗ ಹಿಡೀಲಿಕ್ಕೆ ಬರೂದಿಲ್ಲ ನಿನಗ," ಎಂದು ಅಕ್ಕನೇ ತಮ್ಮನನ್ನು ಗದರಿಸಿದಳು. ಅವನು ನನ್ನ ಮುಖ ನೋಡಿದ. ನಾನು ಗೀರು ನೋಡುತ್ತಿದ್ದೆ.

"ಅಳಬ್ಯಾಡ, ನಾ ರಿಪೇರಿ ಮಾಡ್ತೀನಿ," ಎಂದು ದೊಡ್ಡ ಮನುಷ್ಯನಂತೆ ಘೋಷಿಸಿದೆ.

ಶನಿವಾರ ಸ್ಕೀ ಅಂಗಡಿಗೆ ಹೋಗಿ ತಳಕ್ಕೆ ತುಂಬುವ ಪ್ಲಾಸ್ಟಿಕ್ ಕಡ್ಡಿ ತಂದೆ. ಊದಿನಕಡ್ಡಿಗಿಂತ ದಪ್ಪ, ಮೇಣದಬತ್ತಿಗಿಂತ ಸಣ್ಣ. ಮೊದಲು ಗೀರನ್ನು ಸ್ಪಿರಿಟ್ಟಿನಿಂದ ಒರೆಸಿ, ಎದ್ದುನಿಂತ ಅಂಚನ್ನು ಚಾಕುವಿನಿಂದ ಸವರಬೇಕು. ಆಮೇಲೆ ಕಡ್ಡಿಗೆ ಬೆಂಕಿ. ಉರಿ ದೊಡ್ಡದಾದರೆ ಮಸಿ ಕಟ್ಟಿ ಹನಿಯೊಂದಿಗೆ ಬೀಳುತ್ತದೆ, ತೇಪೆ ನಿಲ್ಲುವುದಿಲ್ಲ. ಆದ್ದರಿಂದ ಕಡ್ಡಿಯನ್ನು ಒಂದು ತಗಡಿಗೆ ಹತ್ತಿರ ಹಿಡಿದು, ಉರಿ ಸಣ್ಣಗೆ ನೀಲಿಯಾಗುವವರೆಗೆ ಕಾದು, ಶುದ್ಧವಾದ ಹನಿಗಳನ್ನು ಮಾತ್ರ ಗೀರಿಗೆ ಬಿಡಬೇಕು. ಚಿಕ್ಕಂದಿನಲ್ಲಿ ನಮ್ಮ ಓಣಿಗೆ ಕಲಾಯಿಯವನು ಬರುತ್ತಿದ್ದ. ಹಂಡೆ ಕಾಯಿಸಿ, ತವರ ತಾಗಿಸಿ, ನವಸಾಗರ ಉದುರಿಸಿ, ಅರಳೆಯಿಂದ ಒಂದು ಸಲ ತಿರುವಿದರೆ ಕಪ್ಪು ಹಂಡೆಯೊಳಗೆ ಬೆಳ್ಳಿ. ಕಾಯುವುದು ಬಹಳ, ಕೈ ಆಡಿಸುವುದು ಸ್ವಲ್ಪ. ಸ್ಕೀ ರಿಪೇರಿಯೂ ಅದೇ ಜಾತಿಯ ವಿದ್ಯೆ. ತುಂಬಿದ್ದು ಪೂರ್ತಿ ತಣ್ಣಗಾದ ಮೇಲೆ ಉಕ್ಕಿನ ಪಟ್ಟಿಯಿಂದ ಹೆರೆದು ಸಮ ಮಾಡಿದೆ. ಹೆಂಡತಿಯ ಇಸ್ತ್ರಿ ಪೆಟ್ಟಿಗೆಯಿಂದ ಮೇಣ ಕರಗಿಸಿ ಹಚ್ಚಿ, ಹೆಚ್ಚಾದದ್ದನ್ನು ಕೆರೆದು ಬ್ರಷ್ ಮಾಡಿದೆ. ಆ ಪೆಟ್ಟಿಗೆ ಮತ್ತೆಂದೂ ಸೀರೆ ಮುಟ್ಟಲಿಲ್ಲ. ಅದಕ್ಕೆ ಬೈಸಿಕೊಂಡದ್ದು ಬೇರೆ ಪ್ರಬಂಧ.

ಜಾನೆಟ್ ಮೇಡಂಗೆ ರೇಖಾ ಗೀರು ಬಿದ್ದದ್ದನ್ನು ಹೇಳಿಯೇ ಸ್ಕೀ ಕೊಟ್ಟಳು. ಅವರು ಎರಡು ಸಲ ಬೆರಳಾಡಿಸಿದರೂ ಗೀರು ಎಲ್ಲಿತ್ತೆಂದು ಗೊತ್ತಾಗಲಿಲ್ಲವಂತೆ. ಮುಂದಿನ ತಿಂಗಳು ಅವರ ಗೆಳತಿಯರ ಹಲಗೆಗಳು ಬಂದವು, ಆಮೇಲೆ ನಮ್ಮ ಕನ್ನಡದ ಬಳಗದ ಬೆಂಗಳೂರು ಹುಡುಗರವು. "ಅಂಕಲ್, ನೀವು ಸ್ಕೀ ಡಾಕ್ಟ್ರು ಬಿಡಿ," ಅನ್ನುತ್ತಿದ್ದರು. ಉಕ್ಕಿನ ಅಂಚು ಕಿತ್ತಿದ್ದರೆ, ಒಳಗಿನ ಮರ ಕಾಣುತ್ತಿದ್ದರೆ ಅಂಗಡಿಗೆ ಕಳಿಸುತ್ತಿದ್ದೆ. ಉಳಿದದ್ದರಲ್ಲಿ ನನ್ನ ಒಂದು ತೇಪೆಯೂ ಕಿತ್ತು ಬರಲಿಲ್ಲ. ಇದನ್ನು ಈಗಲೂ ಎದೆಯುಬ್ಬಿಸಿಯೇ ಬರೆಯುತ್ತಿದ್ದೇನೆ.

ಆದರೆ ಆ ಶನಿವಾರದ್ದು ಪೂರ್ತಿ ಹೇಳಿಲ್ಲ. ಮಧ್ಯಾಹ್ನವೆಲ್ಲ ಹಲಗೆ ಅಲ್ಲಾಡದಂತೆ ಹಿಡಿದು ನಿಂತಿದ್ದವನು ಹೆಂಡತಿಯ ತಮ್ಮ. ಕೆಲಸ ಮುಗಿದ ಮೇಲೆ ಅವನು ಹಲಗೆಯನ್ನು ತಿರುವಿ, ಹಳದಿ ಮೇಲ್ಭಾಗದ ಹಿಂತುದಿಯನ್ನು ಬಟ್ಟೆಯಿಂದ ಉಜ್ಜತೊಡಗಿದ. ಅಲ್ಲಿ ನನ್ನ ಕಾರಿನ ಟೈರಿನ ಕಪ್ಪು ಅಚ್ಚು, ಗೆರೆ ಗೆರೆಯಾಗಿ, ಯಾರು ನೋಡಿದರೂ ತಿಳಿಯುವಂತೆ ಇತ್ತು. ತಳದ ಗಾಬರಿಯಲ್ಲಿ ನಾನು ಮೇಲ್ಭಾಗವನ್ನು ನೋಡಿಯೇ ಇರಲಿಲ್ಲ.

"ಸ್ವಲ್ಪ ಹೊಲಸಾಗಿತ್ತು ಭಾವಾ, ಒರಿಸಿದೆ," ಅಂದ. ಆಮೇಲೆ, "ಛಲೋ ಕೂತದ ನೋಡ್ರಿ ತೇಪಿ. ನಿಮ್ಮ ಕೈಯಾಗ ಕಸಬು ಅದ."

ಅಂದು ನಾನು ಬಾಯಿ ಬಿಡಬಹುದಿತ್ತು. "ಚಹಾ ಕುಡಿಯೋಣ ನಡಿ," ಅಂದೆ.

ಆಮೇಲೆ ನಮ್ಮ ಮನೆಯಲ್ಲಿ ಅದೊಂದು ಚೇಷ್ಟೆಯ ಮಾತಾಯಿತು. ಗಣಪತಿ ತರುವಾಗ, ಗಾಜಿನ ಪಾತ್ರೆ ಸಾಗಿಸುವಾಗ "ಮಾಮಾನ ಕೈಗೆ ಕೊಡಬ್ಯಾಡ್ರಿ" ಎಂದು ಯಾರಾದರೂ ಅನ್ನುವರು, ಎಲ್ಲರೂ ನಗುವರು, ಎಲ್ಲರಿಗಿಂತ ಜೋರಾಗಿ ನಾನು. ಅವನೂ ನಗುತ್ತಾನೆ. ಆದರೆ ಖಂಡೆ ಪೂಜೆಯ ದಿನ ಸಾಮಾನು ಒಳಗೆ ತರುವ ಹೊತ್ತಿಗೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಲ್ಲುತ್ತಾನೆ. ಈಗಲೂ.

ಅವನೊಬ್ಬನನ್ನೇ ಕರೆದು ಹೇಳಿದರೆ ಅವನು "ಹೋಗ್ಲಿ ಬಿಡ್ರಿ ಭಾವಾ" ಅಂದುಬಿಡುತ್ತಾನೆ, ನನಗೆ ಗೊತ್ತು. ಎಲ್ಲರ ಮುಂದೆ ಹೊರಿಸಿದ್ದನ್ನು ಎಲ್ಲರ ಮುಂದೆಯೇ ಇಳಿಸಬೇಕು. ಅದಕ್ಕೇ ನಮ್ಮ ಬಳಗದವರೆಲ್ಲ ಓದುವ ಕಡೆ ಬರೆದಿದ್ದೇನೆ. ಹಲಗೆ ಎಳೆದವನು ನಾನು. ಅದನ್ನು ಎತ್ತಿಕೊಂಡೇ ಒಳಗೆ ತಂದವನು ನನ್ನ ಹೆಂಡತಿಯ ತಮ್ಮ, ಗ್ರೀನ್‌ಫರ್ಡಿನ ವಸಂತ.